ಕಾಲ್ಚೆಂಡಾಟದಲ್ಲಿ ಸಾಕ್ಷ್ಯ ಮತ್ತು ತೀರ್ಪು: ರೆಫರಿಯ ಅಧಿಕಾರದ ಚರಿತ್ರೆ

೧

ಕ್ರೀಡೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಮತ್ತು ಸೋತವರ ಚರಿತ್ರೆಯನ್ನು ಬರೆದಿದ್ದಾರೆ. ಆ ಗೆಲವು ಸೋಲುಗಳನ್ನು ನಿರ್ಣಯಿಸಿದವನ ಚರಿತ್ರೆಯ ಕಡೆಗೆ ಅವರ ಗಮನ ಅಷ್ಟಾಗಿ ಹರಿದಿಲ್ಲ. ಆದರೆ ಒಂದು ಸಮಾಜ ತನ್ನ ವಿವಾದಗಳನ್ನು ಹೇಗೆ ಬಗೆಹರಿಸಿಕೊಳ್ಳುತ್ತದೆ, ಯಾರ ಮಾತನ್ನು ಕಡೆಯ ಮಾತೆಂದು ಒಪ್ಪಿಕೊಳ್ಳುತ್ತದೆ, ಯಾವುದನ್ನು ಸಾಕ್ಷ್ಯವೆಂದು ಗಣಿಸುತ್ತದೆ ಎಂಬ ಪ್ರಶ್ನೆಗಳನ್ನು ಅರಿಯಬಯಸುವವನಿಗೆ ನ್ಯಾಯಾಲಯದ ದಾಖಲೆಗಳಂತೆಯೇ ಆಟದ ಬಯಲೂ ಒಂದು ಆಕರವಾಗಬಲ್ಲುದು. ಕಾಲ್ಚೆಂಡಾಟ ಅಥವಾ ಫುಟ್‌ಬಾಲಿನ ವಿಷಯದಲ್ಲಂತೂ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಈ ಆಟದಲ್ಲಿ ಗೋಲುಗಳ ಸಂಖ್ಯೆ ಅತ್ಯಲ್ಪ. ಒಂದೇ ಒಂದು ತೀರ್ಪು ಇಡೀ ಪಂದ್ಯದ, ಕೆಲವೊಮ್ಮೆ ನಾಲ್ಕು ವರ್ಷಗಳ ಪರಿಶ್ರಮದ ಫಲವನ್ನು ನಿರ್ಧರಿಸಬಹುದು.

೨೦೧೮ರ ಮಾರ್ಚಿಯಲ್ಲಿ, ಈ ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಘಗಳ ಮಂಡಲಿಯು, ವೀಡಿಯೋ ಚಿತ್ರಗಳನ್ನು ಪರಿಶೀಲಿಸಿ ತೀರ್ಪನ್ನು ತಿದ್ದುವ ಕ್ರಮವನ್ನು ನಿಯಮಾವಳಿಯಲ್ಲಿ ಸೇರಿಸಿತು. ಯಂತ್ರದ ಕಣ್ಣು ಬಂದ ಮೇಲೆ ವಿವಾದಗಳು ಕೊನೆಗಾಣುವುವೆಂದು ಅನೇಕರು ನಂಬಿದ್ದರು, ಹಾಗಾಗಲಿಲ್ಲ. ಇದಕ್ಕೆ ಯಂತ್ರದ ದೋಷವೇ ಕಾರಣವೆಂದು ಕೆಲವರು, ಅದನ್ನು ಬಳಸುವವರ ಅಸಾಮರ್ಥ್ಯವೇ ಕಾರಣವೆಂದು ಕೆಲವರು ಹೇಳುತ್ತಾರೆ. ಕಾರಣ ಇವೆರಡಕ್ಕಿಂತ ಹಳೆಯದೆಂದು ಚರಿತ್ರೆಯಿಂದ ತಿಳಿದುಬರುತ್ತದೆ. ರೆಫರಿಯೆಂಬ ಅಧಿಕಾರಿ ಹುಟ್ಟಿದ್ದು ಸತ್ಯವನ್ನು ಕಂಡುಹಿಡಿಯುವುದಕ್ಕಿಂತ ಹೆಚ್ಚಾಗಿ ವಿವಾದವನ್ನು ಮುಗಿಸುವುದಕ್ಕಾಗಿ. ಚಿತ್ರಯಂತ್ರವಾದರೋ ಸತ್ಯವನ್ನು ತೋರಿಸುವುದಾಗಿ ಹೇಳಿಕೊಂಡು ಬಂದದ್ದು. ಈ ಎರಡು ಉದ್ದೇಶಗಳು ಎಲ್ಲಿ ಹೊಂದಿಕೊಂಡಿವೆ, ಎಲ್ಲಿ ಹೊಂದಿಕೊಂಡಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾದದ್ದು ೧೮೬೩ರಲ್ಲಿ. ಅದೇ ವರ್ಷ ಅದು ಅಂಗೀಕರಿಸಿದ ನಿಯಮಗಳಲ್ಲಿ ತೀರ್ಪುಗಾರನ ಪ್ರಸ್ತಾಪವೇ ಇಲ್ಲ. ಇದು ಮರೆವಿನಿಂದಾದ ಲೋಪವೆಂದು ಭಾವಿಸಲಾಗದು. ಆ ನಿಯಮಗಳನ್ನು ರಚಿಸಿದವರಲ್ಲಿ ಅನೇಕರು ಇಂಗ್ಲೆಂಡಿನ ಶ್ರೀಮಂತ ಶಾಲೆಗಳಲ್ಲಿ ಓದಿದ ಮಹನೀಯರು. ಸಭ್ಯನಾದವನು ನಿಯಮವನ್ನು ಬೇಕೆಂದು ಮುರಿಯುವುದಿಲ್ಲ, ಅರಿಯದೆ ಮುರಿದರೆ ತಾನೇ ಒಪ್ಪಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಭಿನ್ನಾಭಿಪ್ರಾಯ ಬಂದರೆ ಎರಡು ತಂಡಗಳ ನಾಯಕರು ಮಾತನಾಡಿಕೊಂಡು ಮುಗಿಸುತ್ತಿದ್ದರು.

ಪಂದ್ಯಗಳು ಊರೂರುಗಳ ನಡುವೆ ನಡೆಯತೊಡಗಿ, ಬಹುಮಾನದ ಬಟ್ಟಲುಗಳು ಬಂದ ಮೇಲೆ ಈ ಏರ್ಪಾಡು ಸಾಲದಾಯಿತು. ೧೮೭೨ರಲ್ಲಿ ನಡೆದ ಮೊದಲನೆಯ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಇಬ್ಬರು ಅಂಪೈರುಗಳೂ ಒಬ್ಬ ರೆಫರಿಯೂ ಇದ್ದರು. ನಿಯಮಾವಳಿಯಲ್ಲಿ ಅಂಪೈರುಗಳ ಹೆಸರು ೧೮೭೪ರಲ್ಲೂ, ರೆಫರಿಯ ಹೆಸರು ೧೮೮೧ರಲ್ಲೂ ಕಾಣಿಸಿಕೊಂಡಿತು. ಅಂಪೈರುಗಳು ತಂಡಕ್ಕೊಬ್ಬರಂತೆ ನೇಮಕವಾದವರು. ಆಟಗಾರರು ಕೇಳಿಕೊಂಡಾಗ ಮಾತ್ರ ಅವರು ತೀರ್ಪು ಹೇಳುತ್ತಿದ್ದರು. ಯಾರೂ ಕೇಳದಿದ್ದರೆ ಕಣ್ಣೆದುರಿಗೆ ತಪ್ಪು ನಡೆದರೂ ಆಟ ಮುಂದುವರಿಯುತ್ತಿತ್ತು. ಇಬ್ಬರು ಅಂಪೈರುಗಳಲ್ಲಿ ಒಮ್ಮತವಿಲ್ಲದಾಗ ಪ್ರಶ್ನೆಯನ್ನು ಬಯಲಿನ ಹೊರಗಿರುತ್ತಿದ್ದ ರೆಫರಿಗೆ ಒಪ್ಪಿಸಲಾಗುತ್ತಿತ್ತು. ರೆಫರಿ ಎಂಬ ಶಬ್ದಕ್ಕೆ, ವಿವಾದವನ್ನು ಯಾರ ಬಳಿಗೆ ಒಯ್ಯುತ್ತಾರೆಯೋ ಆತ ಎಂಬುದೇ ಮೂಲಾರ್ಥ. ನಮ್ಮ ಹಳ್ಳಿಗಳಲ್ಲಿ ಎರಡು ಪಕ್ಷದವರೂ ಒಪ್ಪಿದ ಮಧ್ಯಸ್ಥನ ಸ್ಥಾನ ಯಾವುದೋ ಆಗಿನ ರೆಫರಿಯ ಸ್ಥಾನವೂ ಅದೇ. ಆತ ತಾನಾಗಿ ಬಂದು ನ್ಯಾಯ ಹೇಳುವವನಲ್ಲ, ಕರೆದಾಗ ಬರುವವನು.

೧೮೮೫ರಲ್ಲಿ ವೇತನ ಪಡೆದು ಆಡುವುದಕ್ಕೆ ಇಂಗ್ಲೆಂಡಿನಲ್ಲಿ ಅನುಮತಿ ದೊರೆಯಿತು. ೧೮೮೮ರಲ್ಲಿ ಫುಟ್‌ಬಾಲ್ ಲೀಗ್ ಆರಂಭವಾಯಿತು. ಗೆಲವು ಜೀವನೋಪಾಯವಾದ ಮೇಲೆ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಆಟಗಾರನನ್ನು ನೆಚ್ಚಿಕೊಂಡಿರುವುದು ಸಾಧ್ಯವಿರಲಿಲ್ಲ. ೧೮೯೧ರಲ್ಲಿ ಎರಡು ಮಹತ್ವದ ಬದಲಾವಣೆಗಳಾದುವು. ರೆಫರಿಯನ್ನು ಬಯಲಿನ ಹೊರಗಿನಿಂದ ಒಳಕ್ಕೆ ಕರೆತಂದು, ಅಂಪೈರುಗಳನ್ನು ಗೆರೆಯ ಬಳಿಗೆ ಕಳುಹಿಸಿ ಲೈನ್ಸ್‌ಮನ್ನರನ್ನಾಗಿ ಮಾಡಿದುದು ಒಂದು. ಐರ್ಲೆಂಡಿನ ಸಂಘದ ಸೂಚನೆಯಂತೆ ಪೆನಾಲ್ಟಿ ಒದೆತವನ್ನು ಜಾರಿಗೆ ತಂದುದು ಇನ್ನೊಂದು. ಪೆನಾಲ್ಟಿಯ ನಿಯಮವನ್ನು ಹಳೆಯ ಪಂಥದ ಹವ್ಯಾಸಿ ಆಟಗಾರರು ತಮಗಾದ ಅವಮಾನವೆಂದೇ ಭಾವಿಸಿದರು. ಬೇಕೆಂದು ತಪ್ಪು ಮಾಡುವವರಿದ್ದಾರೆಂದು ಆ ನಿಯಮವೇ ಬಹಿರಂಗವಾಗಿ ಸಾರಿದಂತಾಗಿತ್ತಲ್ಲವೆ? ೧೮೯೦ರ ದಶಕ ಮುಗಿಯುವುದರೊಳಗೆ ಆಟಗಾರರು ಕೇಳದೆಯೂ ತೀರ್ಪು ಕೊಡುವ ಅಧಿಕಾರ ರೆಫರಿಗೆ ಬಂದಿತ್ತು. ಕರೆದಾಗ ಬರುತ್ತಿದ್ದ ಮಧ್ಯಸ್ಥನು ಮೂವತ್ತು ವರ್ಷಗಳೊಳಗೆ ಬಯಲಿನ ಏಕೈಕ ನ್ಯಾಯಾಧೀಶನಾದನು.

೩

ಈ ನ್ಯಾಯಾಧೀಶನ ಅಧಿಕಾರದ ಸ್ವರೂಪವೇನು? ೧೯೩೮ರಲ್ಲಿ ನಿಯಮಗಳನ್ನೆಲ್ಲ ಹದಿನೇಳು ವಿಧಿಗಳಾಗಿ ಹೊಸದಾಗಿ ಜೋಡಿಸಲಾಯಿತು. ಆ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದವರು ಸ್ಟ್ಯಾನ್ಲಿ ರೌಸ್. ಅವರು ಸ್ವತಃ ಅನುಭವಿ ರೆಫರಿ. ಮುಂದೆ ೧೯೬೧ರಿಂದ ೧೯೭೪ರವರೆಗೆ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಅಧ್ಯಕ್ಷರಾಗಿದ್ದರು. ಐದನೆಯ ವಿಧಿ ರೆಫರಿಗೆ ಸಂಬಂಧಿಸಿದ್ದು. ಆಟಕ್ಕೆ ಸಂಬಂಧಿಸಿದ ಸಂಗತಿಗಳ ವಿಷಯದಲ್ಲಿ ರೆಫರಿಯ ನಿರ್ಣಯವೇ ಅಂತಿಮವೆಂಬುದು ಅದರ ತಿರುಳು. ಇಲ್ಲಿ ‘ಸಂಗತಿ’ ಎಂಬ ಪದವನ್ನು ಗಮನಿಸಬೇಕು. ಚೆಂಡು ಗೆರೆ ದಾಟಿತೇ, ಕೈಗೆ ತಗುಲಿತೇ, ಆಟಗಾರನು ಎಲ್ಲಿದ್ದನು ಎಂಬಿವು ಸಂಗತಿಗಳು. ರೆಫರಿ ದಾಟಿತೆಂದರೆ ನಿಯಮದ ದೃಷ್ಟಿಯಲ್ಲಿ ಅದು ದಾಟಿತು.

ಸಂಗತಿಯ ವಿಷಯದಲ್ಲಿ ತಪ್ಪುವುದು ಬೇರೆ, ನಿಯಮವನ್ನೇ ತಪ್ಪಾಗಿ ಅನ್ವಯಿಸುವುದು ಬೇರೆ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವ ಒಂದು ಪ್ರಸಂಗ ೨೦೦೫ರಲ್ಲಿ ನಡೆಯಿತು. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೆಕಿಸ್ತಾನದ ಆಟಗಾರನು ಪೆನಾಲ್ಟಿಯನ್ನು ಗೋಲಾಗಿಸಿದನು. ಆದರೆ ಒದೆಯುವ ಮೊದಲೇ ಅವನ ಸಂಗಡಿಗನೊಬ್ಬನು ಪೆನಾಲ್ಟಿ ಆವರಣದೊಳಕ್ಕೆ ನುಗ್ಗಿದ್ದನು. ಆಗ ನಿಯಮದಂತೆ ಪೆನಾಲ್ಟಿಯನ್ನು ಮತ್ತೊಮ್ಮೆ ಒದೆಯಿಸಬೇಕಿತ್ತು. ರೆಫರಿಯು ಎದುರಾಳಿಗಳಾದ ಬಹ್ರೈನಿಗೆ ಫ್ರೀ ಕಿಕ್ ಕೊಟ್ಟರು. ಉಜ್ಬೆಕಿಸ್ತಾನವು ೧–೦ ಗೋಲಿನಿಂದ ಗೆದ್ದರೂ ಇದನ್ನು ಪ್ರತಿಭಟಿಸಿತು. ಫಿಫಾ ಫಲಿತಾಂಶವನ್ನು ರದ್ದುಮಾಡಿ ಪಂದ್ಯವನ್ನು ಮತ್ತೆ ಆಡಿಸಿತು. ಮರುಪಂದ್ಯ ೧–೧ರಲ್ಲಿ ಸಮವಾಯಿತು. ಮುಂದಿನ ಪಂದ್ಯವೂ ಗೋಲಿಲ್ಲದೆ ಸಮವಾಗಿ, ಎದುರಾಳಿಯ ನೆಲದಲ್ಲಿ ಗೋಲು ಗಳಿಸಿದ್ದ ಬಹ್ರೈನ್ ಮುಂದಕ್ಕೆ ಹೋಯಿತು.

೨೦೦೯ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಫ್ರಾನ್ಸಿನ ತಿಯರಿ ಆನ್ರಿ ಚೆಂಡನ್ನು ಕೈಯಿಂದ ತಡೆದು ಸಂಗಡಿಗನಿಗೆ ಒದಗಿಸಿಕೊಟ್ಟುದರಿಂದ ಗೋಲಾಯಿತು. ಐರ್ಲೆಂಡ್ ವಿಶ್ವಕಪ್ಪಿನಿಂದ ಹೊರಗುಳಿಯಿತು. ಇದನ್ನು ದೂರದರ್ಶನದಲ್ಲಿ ಲೋಕವೆಲ್ಲ ನೋಡಿತು, ಆನ್ರಿಯೂ ಅಲ್ಲಗಳೆಯಲಿಲ್ಲ. ಐರ್ಲೆಂಡ್ ಮರುಪಂದ್ಯವನ್ನು ಬೇಡಿದಾಗ ಫಿಫಾ ನಿರಾಕರಿಸಿತು. ರೆಫರಿಯು ನಿಯಮವನ್ನು ತಪ್ಪಾಗಿ ತಿಳಿದಿರಲಿಲ್ಲ, ಕೈಯನ್ನು ಕಂಡಿರಲಿಲ್ಲ ಅಷ್ಟೆ. ಒಂದು ಕಡೆ ಸಣ್ಣ ತಪ್ಪಿಗೆ ಇಡೀ ಪಂದ್ಯ ಅಳಿಸಿಹೋಯಿತು. ಇನ್ನೊಂದು ಕಡೆ ಎಲ್ಲರೂ ಬಲ್ಲ ದೊಡ್ಡ ತಪ್ಪು ಹಾಗೆಯೇ ನಿಂತಿತು. ಸಾಮಾನ್ಯ ನ್ಯಾಯಬುದ್ಧಿಗೆ ಇದು ವಿಪರೀತವೆಂದು ತೋರಬಹುದು. ಆದರೆ ಈ ಏರ್ಪಾಡಿಗೆ ಒಂದು ತರ್ಕವುಂಟು. ಸಂಗತಿಗಳ ವಿಚಾರಣೆಗೆ ಬಾಗಿಲು ತೆರೆದರೆ ಯಾವ ಪಂದ್ಯವೂ ಮುಗಿಯುವುದಿಲ್ಲ. ತಪ್ಪಿದರೂ ಮುಗಿದ ತೀರ್ಪು, ಮುಗಿಯದ ವಿಚಾರಣೆಗಿಂತ ಮೇಲು ಎಂಬ ನಂಬಿಕೆಯ ಮೇಲೆ ಆಟ ನೂರು ವರ್ಷಗಳಿಗೂ ಹೆಚ್ಚು ಕಾಲ ನಿಂತಿತ್ತು.

೪

ಈ ನಂಬಿಕೆಯನ್ನು ಅಲುಗಿಸಿದುದು ದೂರದರ್ಶನ. ಅದಕ್ಕೆ ಮೊದಲು ರೆಫರಿಗಿಂತ ಚೆನ್ನಾಗಿ ನೋಡಿದೆನೆಂದು ಪ್ರೇಕ್ಷಕನು ಹೇಳಬಹುದಾಗಿತ್ತೇ ಹೊರತು ತೋರಿಸುವಂತಿರಲಿಲ್ಲ. ನಡೆದ ದೃಶ್ಯವನ್ನು ಆಗಿಂದಾಗಲೇ ಮರಳಿ ತೋರಿಸುವ ವಿಧಾನ ೧೯೬೩ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಮೊದಲು ಬಳಕೆಗೆ ಬಂದಿತು. ಅದಾದ ಮೂರು ವರ್ಷಗಳಿಗೆ, ೧೯೬೬ರ ಜುಲೈ ೩೦ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಹೆಚ್ಚುವರಿ ಸಮಯದಲ್ಲಿ ಜೆಫ್ ಹರ್ಸ್ಟ್ ಒದೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು, ಕೆಳಕ್ಕೆ ಅಪ್ಪಳಿಸಿ, ಹೊರಕ್ಕೆ ನೆಗೆಯಿತು. ಸ್ವಿಟ್ಸರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ಅವರಿಗೆ ನಿರ್ಧರಿಸಲಾಗಲಿಲ್ಲ. ಅವರು ಗೆರೆಯ ಬಳಿಯಿದ್ದ ತೋಫಿಕ್ ಬಹ್ರಾಮೊವ್ ಅವರ ಬಳಿಗೆ ಹೋದರು; ಬಹ್ರಾಮೊವ್ ಗೋಲೆಂದು ಸೂಚಿಸಿದರು. ಇಂಗ್ಲೆಂಡ್ ೪–೨ರಿಂದ ಗೆದ್ದಿತು. ಮುಂದೆ ಆಕ್ಸ್‌ಫರ್ಡಿನ ಇಬ್ಬರು ವಿಜ್ಞಾನಿಗಳು ೧೯೯೦ರ ದಶಕದಲ್ಲಿ ಆ ಚಲಚ್ಚಿತ್ರವನ್ನು ಗಣಿತದಿಂದ ಅಳೆದು, ಚೆಂಡು ಗೆರೆಯನ್ನು ಪೂರ್ತಿಯಾಗಿ ದಾಟಿರಲಿಲ್ಲವೆಂದು ತೀರ್ಮಾನಿಸಿದರು. ಈಗ ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ಕ್ರೀಡಾಂಗಣಕ್ಕೆ ಬಹ್ರಾಮೊವ್ ಅವರ ಹೆಸರಿದೆ. ಒಂದೇ ತೀರ್ಪು ಒಂದು ದೇಶಕ್ಕೆ ಕೀರ್ತಿಯಾಗಿ, ಇನ್ನೊಂದಕ್ಕೆ ಅನ್ಯಾಯದ ನೆನಪಾಗಿ ಉಳಿಯಿತು.

೧೯೮೬ರ ಜೂನ್ ೨೨ರಂದು ಮೆಕ್ಸಿಕೋ ನಗರದಲ್ಲಿ ಅರ್ಜೆಂಟೀನದ ಮರಡೋನಾ ಇಂಗ್ಲೆಂಡಿನ ಮೇಲೆ ಕೈಯಿಂದ ಹೊಡೆದ ಗೋಲು ಇದೇ ಜಾತಿಯದು. ಟ್ಯುನೀಸಿಯದ ರೆಫರಿ ಅಲಿ ಬೆನ್ನಸೇರ್ ಅದನ್ನು ಕಾಣಲಿಲ್ಲ. ಮನೆಗಳಲ್ಲಿ ಕುಳಿತಿದ್ದವರು ಮರುಪ್ರದರ್ಶನದಲ್ಲಿ ಕಂಡರು. ೨೦೧೦ರ ಜೂನ್ ೨೭ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನಿನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದೆದ ಚೆಂಡು ಜರ್ಮನಿಯ ಗೋಲಿನೊಳಗೆ ಸ್ಪಷ್ಟವಾಗಿ ಬಿದ್ದು ಹೊರಬಂದರೂ ಗೋಲು ದೊರೆಯಲಿಲ್ಲ. ಹೀಗೆ ಒಂದು ವಿಚಿತ್ರವಾದ ಸ್ಥಿತಿ ಏರ್ಪಟ್ಟಿತು. ತೀರ್ಪು ಹೇಳಬೇಕಾದವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ನಡೆದುದು ತಿಳಿದಿತ್ತು. ಪ್ರೇಕ್ಷಕರ ಕೈಯಲ್ಲಿದ್ದ ಸಾಕ್ಷ್ಯವನ್ನು ನೋಡಕೂಡದೆಂದು ನ್ಯಾಯಾಧೀಶನಿಗೆ ನಿಷೇಧವಿತ್ತು. ಅಜ್ಞಾನದ ಮೇಲೆ ನಿಂತ ಅಂತಿಮತೆಗೆ ಗೌರವ ಬಹುಕಾಲ ಉಳಿಯಲಾರದು.

ಇದೇ ಕಾಲದಲ್ಲಿ ಬೇರೆ ಆಟಗಳು ಮುಂದಕ್ಕೆ ಹೋಗಿದ್ದುವು. ೧೯೯೨ರ ನವೆಂಬರಿನಲ್ಲಿ ಡರ್ಬನ್ನಿನ ಟೆಸ್ಟ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ದೂರದರ್ಶನದ ಚಿತ್ರದ ಆಧಾರದಿಂದ ರನ್ ಔಟ್ ಆದ ಮೊದಲ ಬ್ಯಾಟುಗಾರರಾದುದು ನಮ್ಮ ವಾಚಕರಿಗೆ ತಿಳಿದಿರಬಹುದು. ಆದರೆ ಕ್ರಿಕೆಟ್ಟಿನಲ್ಲಿ ಪ್ರತಿಯೊಂದು ಎಸೆತದ ಬಳಿಕವೂ ಆಟ ತಾನಾಗಿ ನಿಲ್ಲುತ್ತದೆ. ವಿಚಾರಣೆಗೆ ಅಲ್ಲಿ ಎಡೆಯುಂಟು. ಕಾಲ್ಚೆಂಡಾಟದ ಸ್ವಭಾವವೇ ಅಖಂಡವಾದ ಹರಿವು. ಅದನ್ನು ತಡೆದು ನಿಲ್ಲಿಸದೆ ವಿಚಾರಣೆ ಸಾಧ್ಯವಿಲ್ಲ. ಫುಟ್‌ಬಾಲಿನ ಅಧಿಕಾರಿಗಳು ದೀರ್ಘಕಾಲ ಹಿಂಜರಿದುದಕ್ಕೆ ಹಟವೊಂದೇ ಕಾರಣವಲ್ಲ.

೫

ಬದಲಾವಣೆ ಎರಡು ಹಂತಗಳಲ್ಲಿ ಬಂದಿತು. ೨೦೧೨ರ ಜುಲೈಯಲ್ಲಿ ಗೋಲಿನ ಗೆರೆಯ ಯಂತ್ರಕ್ಕೆ ಒಪ್ಪಿಗೆ ದೊರೆಯಿತು. ಅನೇಕ ಕ್ಯಾಮೆರಾಗಳು ಚೆಂಡಿನ ಸ್ಥಾನವನ್ನು ಲೆಕ್ಕಹಾಕಿ, ಅದು ಗೆರೆಯನ್ನು ಪೂರ್ತಿಯಾಗಿ ದಾಟಿದೊಡನೆ ರೆಫರಿಯ ಕೈಗಡಿಯಾರಕ್ಕೆ ಸೂಚನೆ ಕಳುಹಿಸುತ್ತವೆ. ೨೦೧೪ರ ವಿಶ್ವಕಪ್ಪಿನಲ್ಲಿ ಹೊಂಡುರಾಸಿನ ಮೇಲೆ ಫ್ರಾನ್ಸಿಗೆ ದೊರೆತ ಒಂದು ಗೋಲು ಈ ಯಂತ್ರದಿಂದಲೇ ನಿರ್ಣಯವಾಯಿತು. ಇಲ್ಲಿ ಆಟ ನಿಲ್ಲಬೇಕಾಗಿಲ್ಲ, ಅಭಿಪ್ರಾಯಕ್ಕೂ ಎಡೆಯಿಲ್ಲ. ಉತ್ತರ ಹೌದು ಅಥವಾ ಅಲ್ಲ.

ಎರಡನೆಯ ಹಂತ ವೀಡಿಯೋ ಸಹಾಯಕ ರೆಫರಿಯದು, ಇದನ್ನು ‘ವಿ.ಎ.ಆರ್.’ ಎಂಬ ಹ್ರಸ್ವನಾಮದಿಂದ ಕರೆಯುತ್ತಾರೆ. ನೆದರ್‌ಲೆಂಡ್ಸಿನ ಸಂಘವು ಪಂದ್ಯದ ಮೇಲೆ ಪರಿಣಾಮವಿಲ್ಲದಂತೆ ಇದರ ಪ್ರಯೋಗಗಳನ್ನು ಮೊದಲು ನಡೆಸಿತು. ೨೦೧೬ರ ಮಾರ್ಚಿಯಲ್ಲಿ ನಿಜಪಂದ್ಯಗಳಲ್ಲಿ ಪರೀಕ್ಷಿಸಲು ಅನುಮತಿ ದೊರೆಯಿತು. ಜರ್ಮನಿ ಮತ್ತು ಇಟಲಿಯ ಲೀಗುಗಳು ೨೦೧೭ರಲ್ಲಿ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ೨೦೧೯ರಲ್ಲಿ ಇದನ್ನು ಅಳವಡಿಸಿಕೊಂಡುವು. ೨೦೧೮ರಲ್ಲಿ ಅಂಗೀಕೃತವಾದ ಕ್ರಮದಲ್ಲಿ ನಾಲ್ಕು ಬಗೆಯ ತೀರ್ಪುಗಳು ಮಾತ್ರ ಪರಿಶೀಲನೆಗೆ ಒಳಪಟ್ಟುವು: ಗೋಲು, ಪೆನಾಲ್ಟಿ, ನೇರವಾದ ಕೆಂಪು ಕಾರ್ಡು, ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಶಿಕ್ಷೆಯಾದ ಸಂದರ್ಭ. ಅಲ್ಲಿಯೂ ತಪ್ಪು ‘ಸ್ಪಷ್ಟ ಮತ್ತು ಎದ್ದುಕಾಣುವ’ ತಪ್ಪಾಗಿರಬೇಕು. ದೂರದ ಕೊಠಡಿಯಲ್ಲಿ ಕುಳಿತವನು ಸಲಹೆ ಕೊಡಬಹುದು. ಕಡೆಯ ನಿರ್ಣಯ ಬಯಲಿನಲ್ಲಿರುವ ರೆಫರಿಯದೇ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕಾದ ಒಂದು ಅಂಶವಿದೆ. ೧೮೮೦ರ ದಶಕದಲ್ಲಿ ತೀರ್ಪು ಹೇಳುವವರು ಬಯಲಿನೊಳಗೂ, ಸಂದೇಹ ಬಂದಾಗ ಪ್ರಶ್ನೆಯನ್ನು ಒಪ್ಪಿಸಿಕೊಳ್ಳುವವನು ಬಯಲಿನ ಹೊರಗೂ ಇದ್ದರು. ೧೮೯೧ರಲ್ಲಿ ಈ ಎರಡು ಸ್ಥಾನಗಳೂ ಒಬ್ಬನಲ್ಲೇ ಸೇರಿದುವು. ೨೦೧೮ರಲ್ಲಿ ಅವು ಮತ್ತೆ ಬೇರೆಯಾದುವು. ಆದರೆ ಹಳೆಯ ಏರ್ಪಾಡಿನಲ್ಲಿ ಹೊರಗಿನವನ ಮಾತೇ ಅಂತಿಮವಾಗಿದ್ದಿತು. ಹೊಸತರಲ್ಲಿ ಹೊರಗಿನವನು ಹೆಚ್ಚಾಗಿ ನೋಡುತ್ತಾನೆ, ಅಂತಿಮವಾದ ಮಾತು ಕಡಮೆ ನೋಡಿದವನದು. ಜ್ಞಾನ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇರುವ ಈ ಸಂದಿಗ್ಧದಿಂದಲೇ ಮುಂದಿನ ಅನೇಕ ತೊಡಕುಗಳು ಹುಟ್ಟಿದುವು.

೬

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಚಿತ್ರವು ಪ್ರತ್ಯಕ್ಷವನ್ನು ಒದಗಿಸುತ್ತದೆ. ಪ್ರಮಾಣಿಸುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ೨೦೧೮ರ ಜುಲೈ ೧೫ರಂದು ಮಾಸ್ಕೋದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಚೆಂಡು ಕ್ರೊಯೇಷಿಯದ ಪೆರಿಶಿಚ್ ಅವರ ಕೈಗೆ ತಗುಲಿತು. ತಗುಲಿತೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅದು ಅಪರಾಧವೇ ಎಂಬುದು ಪ್ರಶ್ನೆ. ಅರ್ಜೆಂಟೀನದ ರೆಫರಿ ಪಿಟಾನಾ ಬಯಲಿನ ಪಕ್ಕದ ತೆರೆಯ ಮುಂದೆ ನಿಂತು ಮತ್ತೆ ಮತ್ತೆ ನೋಡಿ ಫ್ರಾನ್ಸಿಗೆ ಪೆನಾಲ್ಟಿ ಕೊಟ್ಟರು. ಅದೇ ಚಿತ್ರವನ್ನು ಅಷ್ಟೇ ಸಲ ನೋಡಿದ ಅನುಭವಿಗಳು ಬೇರೆ ಬೇರೆ ಅಭಿಪ್ರಾಯ ತಾಳಿದರು. ಮೇಲಾಗಿ, ನಿಧಾನಗತಿಯಲ್ಲಿ ನೋಡಿದ ಕೃತ್ಯವು ಹೆಚ್ಚು ಉದ್ದೇಶಪೂರ್ವಕವಾದುದೆಂದು ನೋಡುವವರಿಗೆ ತೋರುತ್ತದೆಂಬುದು ಮನಶ್ಶಾಸ್ತ್ರದ ಪ್ರಯೋಗಗಳಿಂದ ತಿಳಿದುಬಂದಿದೆ. ಈ ಕಾರಣದಿಂದಲೇ, ಸ್ಥಾನ ಮತ್ತು ಸ್ಪರ್ಶಗಳನ್ನು ಅರಿಯಲು ಮಾತ್ರ ನಿಧಾನಗತಿಯನ್ನೂ, ಹೊಡೆತದ ತೀವ್ರತೆಯನ್ನು ಅಳೆಯಲು ಸಹಜಗತಿಯನ್ನೂ ಬಳಸಬೇಕೆಂದು ನಿಯಮ ಸೂಚಿಸುತ್ತದೆ.

ಶುದ್ಧ ಸಂಗತಿಯೆಂದು ತೋರುವ ಆಫ್‌ಸೈಡಿನ ವಿಷಯವೂ ಸರಳವಲ್ಲ. ಸೆಕೆಂಡಿಗೆ ೮ ಮೀಟರ್ ವೇಗದಲ್ಲಿ ಓಡುವ ಆಟಗಾರನನ್ನು ಸೆಕೆಂಡಿಗೆ ೫೦ ಚಿತ್ರ ತೆಗೆಯುವ ಕ್ಯಾಮೆರಾ ಹಿಡಿದರೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಆತ ೧೬ ಸೆಂಟಿಮೀಟರ್ ಸರಿದಿರುತ್ತಾನೆ. ಹೀಗಿರುವಾಗ ಬೆರಳಗಲದ ಆಫ್‌ಸೈಡನ್ನು ಚಿತ್ರದಿಂದ ನಿರ್ಣಯಿಸುವುದು ಎಷ್ಟು ದುಸ್ಸಾಧ್ಯವೆಂಬುದು ಸ್ಪಷ್ಟ. ೨೦೨೨ರ ಕತಾರ್ ವಿಶ್ವಕಪ್ಪಿನಲ್ಲಿ ಇದಕ್ಕೆ ಪರಿಹಾರವಾಗಿ ೧೨ ವಿಶೇಷ ಕ್ಯಾಮೆರಾಗಳು ಪ್ರತಿಯೊಬ್ಬ ಆಟಗಾರನ ದೇಹದ ೨೯ ಬಿಂದುಗಳನ್ನು ಸೆಕೆಂಡಿಗೆ ೫೦ ಸಲ ಗುರುತಿಸಿದುವು. ಚೆಂಡಿನೊಳಗಿದ್ದ ಉಪಕರಣವು ಸೆಕೆಂಡಿಗೆ ೫೦೦ ಸಲ ಮಾಹಿತಿ ಕಳುಹಿಸಿತು. ಅದೇ ವಿಶ್ವಕಪ್ಪಿನಲ್ಲಿ ಸ್ಪೇನಿನ ಮೇಲೆ ಜಪಾನ್ ಗಳಿಸಿದ ಗೋಲಿಗೆ ಮೊದಲು ಚೆಂಡು ಹೊರಕ್ಕೆ ಹೋದಂತೆ ಪ್ರೇಕ್ಷಕರಿಗೆ ಕಂಡಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಚೆಂಡಿನ ಉಬ್ಬಿನ ಅಂಚು ಇನ್ನೂ ಗೆರೆಯ ಮೇಲಿತ್ತು. ಗೋಲು ನಿಂತಿತು, ಜಪಾನ್ ೨–೧ರಿಂದ ಗೆದ್ದಿತು, ಜರ್ಮನಿ ಸ್ಪರ್ಧೆಯಿಂದ ಹೊರಬಿದ್ದಿತು. ಬರಿಗಣ್ಣಿಗೆ ತಪ್ಪೆಂದು ತೋರಿದುದನ್ನು ಯಂತ್ರವು ಸರಿಯೆಂದು ಸಾಧಿಸಿದ ಇಂಥ ನಿದರ್ಶನಗಳನ್ನು ಅಲ್ಲಗಳೆಯಲಾಗದು.

ಆದರೆ ಯಂತ್ರವು ನಿಯಮಗಳ ಅರ್ಥವನ್ನೇ ಬದಲಾಯಿಸಿತೆಂಬುದು ಇದಕ್ಕಿಂತ ಗಹನವಾದ ವಿಷಯ. ಪೆನಾಲ್ಟಿ ಒದೆಯುವಾಗ ಗೋಲ್‌ಕೀಪರನು ಗೆರೆಯನ್ನು ಬಿಟ್ಟು ಮುಂದೆ ಬರಬಾರದೆಂಬ ನಿಯಮವನ್ನು ರೆಫರಿಗಳು ಬಹುಕಾಲ ಸಡಿಲವಾಗಿ ಅನ್ವಯಿಸುತ್ತಿದ್ದರು. ೨೦೧೯ರ ಮಹಿಳಾ ವಿಶ್ವಕಪ್ಪಿನಲ್ಲಿ ಅದನ್ನು ಚಿತ್ರದಿಂದ ಅಳೆಯಲಾಯಿತು. ಅರ್ಜೆಂಟೀನದೆದುರು ೩–೦ ಮುಂದಿದ್ದ ಸ್ಕಾಟ್‌ಲೆಂಡಿನ ಗೋಲ್‌ಕೀಪರ್ ಪಂದ್ಯದ ಕೊನೆಯಲ್ಲಿ ಪೆನಾಲ್ಟಿಯನ್ನು ತಡೆದರೂ, ಆಕೆಯ ಪಾದಗಳು ಗೆರೆಯಿಂದ ಮುಂದಿದ್ದುವೆಂದು ಮತ್ತೊಮ್ಮೆ ಒದೆಯಿಸಿದರು. ಪಂದ್ಯ ೩–೩ರಲ್ಲಿ ಸಮವಾಗಿ ಸ್ಕಾಟ್‌ಲೆಂಡ್ ಹೊರಬಿದ್ದಿತು. ಹ್ಯಾಂಡ್‌ಬಾಲಿನ ನಿಯಮವನ್ನು ೨೦೧೯ರಲ್ಲಿ ಹೊಸದಾಗಿ ಬರೆದು, ಗೋಲಿಗೆ ಕಾರಣವಾದ ಆಕಸ್ಮಿಕ ಸ್ಪರ್ಶವನ್ನೂ ಅಪರಾಧವೆಂದರು. ೨೦೨೧ರಲ್ಲಿ ಅದನ್ನು ಗೋಲು ಹೊಡೆದವನ ಸ್ಪರ್ಶಕ್ಕೆ ಸೀಮಿತಗೊಳಿಸಿದರು. ಬರಿಗಣ್ಣಿನ ಕಾಲದಲ್ಲಿ ನಿಯಮದ ಒರಟುತನವನ್ನು ರೆಫರಿಯ ವಿವೇಕ ಮೃದುಗೊಳಿಸುತ್ತಿತ್ತು. ಎಲ್ಲವೂ ಕಾಣುವಾಗ ವಿವೇಕವನ್ನು ಬಳಸಿದರೆ ಪಕ್ಷಪಾತವೆಂಬ ಆಕ್ಷೇಪ ಬರುತ್ತದೆ.

ತಪ್ಪುಗಳೂ ನಿಲ್ಲಲಿಲ್ಲ, ಸ್ಥಳಾಂತರಗೊಂಡುವು. ೨೦೧೮ರ ಏಪ್ರಿಲಿನಲ್ಲಿ ಜರ್ಮನಿಯ ಮೈಂಟ್ಸ್ ಮತ್ತು ಫ್ರೈಬುರ್ಗ್ ತಂಡಗಳು ಅರ್ಧವೇಳೆಗೆ ಕೊಠಡಿಗಳಿಗೆ ಹೋದ ಮೇಲೆ ಆಟಗಾರರನ್ನು ಮತ್ತೆ ಬಯಲಿಗೆ ಕರೆಸಿ ಪೆನಾಲ್ಟಿ ಒದೆಯಿಸಿದರು. ಅದೇ ವರ್ಷದ ಮೇಯಲ್ಲಿ ಆಸ್ಟ್ರೇಲಿಯದ ಎ–ಲೀಗಿನ ಅಂತಿಮ ಪಂದ್ಯದಲ್ಲಿ ಯಂತ್ರವ್ಯವಸ್ಥೆ ಕೆಟ್ಟುಹೋದುದರಿಂದ ಆಫ್‌ಸೈಡಾಗಿದ್ದ ಗೋಲು ನಿಂತಿತು. ಪಂದ್ಯದ ಏಕೈಕ ಗೋಲೂ ಅದೇ. ೨೦೨೦ರ ಜೂನಿನಲ್ಲಿ ಆ್ಯಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳ ಪಂದ್ಯದಲ್ಲಿ ಗೋಲ್‌ಕೀಪರನು ಚೆಂಡಿನೊಡನೆ ಗೆರೆಯ ಹಿಂದಕ್ಕೆ ಹೋದರೂ, ಆಟಗಾರರೂ ಗೋಲಿನ ಕಂಬವೂ ಮರೆಯಾದುದರಿಂದ ಕ್ಯಾಮೆರಾಗಳಿಗೆ ಚೆಂಡು ಕಾಣಲಿಲ್ಲ. ಯಂತ್ರವನ್ನು ಒದಗಿಸಿದ್ದ ಸಂಸ್ಥೆ ಕ್ಷಮೆ ಕೋರಿತು. ಆ ವರ್ಷ ವಿಲ್ಲಾ ಕೆಳದರ್ಜೆಗೆ ಇಳಿಯದೆ ಉಳಿದುದು ಒಂದೇ ಒಂದು ಅಂಕದ ಅಂತರದಿಂದ.

ಇವೆಲ್ಲಕ್ಕಿಂತ ಬೋಧಪ್ರದವಾದುದು ೨೦೨೩ರ ಸೆಪ್ಟೆಂಬರ್ ೩೦ರ ಪ್ರಸಂಗ. ಲಂಡನ್ನಿನಲ್ಲಿ ಟಾಟನ್‌ಹ್ಯಾಮಿನೆದುರು ಲಿವರ್‌ಪೂಲಿನ ಲೂಯಿಸ್ ದಿಯಾಸ್ ಹೊಡೆದ ಗೋಲನ್ನು ಗೆರೆಯ ಸಹಾಯಕನು ಆಫ್‌ಸೈಡೆಂದನು. ಕೊಠಡಿಯಲ್ಲಿದ್ದವರು ಚಿತ್ರವನ್ನು ಸರಿಯಾಗಿಯೇ ಅಳೆದರು, ಆಟಗಾರನು ಆಫ್‌ಸೈಡಾಗಿರಲಿಲ್ಲ. ಆದರೆ ಬಯಲಿನ ತೀರ್ಪು ‘ಗೋಲು’ ಎಂದಿತ್ತೆಂದು ಅವರು ತಪ್ಪಾಗಿ ಭಾವಿಸಿ, ಪರಿಶೀಲನೆ ಮುಗಿಯಿತೆಂದು ಮಾತ್ರ ತಿಳಿಸಿದರು. ತಪ್ಪು ಕೆಲವೇ ಕ್ಷಣಗಳಲ್ಲಿ ಅವರ ಅರಿವಿಗೆ ಬಂದಿತು. ಅಷ್ಟರಲ್ಲಿ ಆಟ ಮತ್ತೆ ಆರಂಭವಾಗಿತ್ತು. ಆರಂಭವಾದ ಮೇಲೆ ಹಿಂದಕ್ಕೆ ಹೋಗುವಂತಿಲ್ಲವೆಂದು ನಿಯಮ. ಟಾಟನ್‌ಹ್ಯಾಮ್ ೨–೧ರಿಂದ ಗೆದ್ದಿತು. ಸತ್ಯವು ಕೈಯಲ್ಲಿದ್ದರೂ ಅಂತಿಮತೆಯ ಹಳೆಯ ತತ್ತ್ವವೇ ಮೇಲುಗೈಯಾಯಿತು. ಆ ತತ್ತ್ವವನ್ನು ಯಂತ್ರವು ತೊಡೆದುಹಾಕಿರಲಿಲ್ಲ, ಕೆಲವು ಕ್ಷಣಗಳಷ್ಟು ಮುಂದಕ್ಕೆ ತಳ್ಳಿತ್ತು ಅಷ್ಟೆ.

೭

ಇಲ್ಲಿಯವರೆಗಿನ ನಿದರ್ಶನಗಳಲ್ಲಿ ವಿವಾದವೆದ್ದುದು ಕಣ್ಣಿಗೆ ಕಂಡ ಅಥವಾ ಕಾಣದ ಸಂಗತಿಗಳ ಬಗ್ಗೆ. ಇದಕ್ಕಿಂತ ಭಿನ್ನವಾದ ಒಂದು ವಿವಾದ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ೨೦೨೩ರ ಮಾರ್ಚಿ ೩ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ನಡೆಯಿತು. ಆಗ ಆ ಲೀಗಿನಲ್ಲಿ ವೀಡಿಯೋ ಪರಿಶೀಲನೆ ಇರಲಿಲ್ಲ. ಹೆಚ್ಚುವರಿ ಸಮಯದಲ್ಲಿ ದೊರೆತ ಫ್ರೀ ಕಿಕ್ಕನ್ನು ಸುನಿಲ್ ಛೇತ್ರಿ, ಎದುರಾಳಿಗಳು ಇನ್ನೂ ಸಾಲುಗಟ್ಟಿ ನಿಲ್ಲುವ ಮೊದಲೇ ಒದೆದು ಗೋಲಾಗಿಸಿದರು. ರೆಫರಿ ಗೋಲನ್ನು ಒಪ್ಪಿದರು. ಬ್ಲಾಸ್ಟರ್ಸಿನ ತರಬೇತುದಾರರಾದ ಇವಾನ್ ವುಕೊಮನೋವಿಚ್ ತಮ್ಮ ಆಟಗಾರರನ್ನು ಬಯಲಿನಿಂದ ಹೊರಕ್ಕೆ ಕರೆದರು. ಆ ತಂಡ ಮರಳಿ ಬರಲಿಲ್ಲ. ಮರುಪಂದ್ಯದ ಬೇಡಿಕೆ ತಿರಸ್ಕೃತವಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯು ತಂಡಕ್ಕೆ ೪ ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರರಿಗೆ ೧೦ ಪಂದ್ಯಗಳ ನಿಷೇಧವನ್ನೂ ವಿಧಿಸಿತು.

ಆಗ ವೀಡಿಯೋ ಪರಿಶೀಲನೆಯಿದ್ದಿದ್ದರೆ ವಿವಾದ ತಪ್ಪುತ್ತಿತ್ತೆಂದು ಹಲವರು ಹೇಳಿದರು. ಈ ಮಾತನ್ನು ಒಪ್ಪುವುದು ಕಷ್ಟ. ಚೆಂಡು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂಬುದನ್ನು ಎಲ್ಲರೂ ಕಂಡಿದ್ದರು. ಸೀಟಿಗಾಗಿ ಕಾಯದೆ ಒದೆಯಲು ಆ ಕ್ಷಣದಲ್ಲಿ ಅವಕಾಶವಿತ್ತೇ ಎಂಬುದೊಂದೇ ಪ್ರಶ್ನೆ. ಅದಕ್ಕೆ ಉತ್ತರವಿದ್ದುದು ರೆಫರಿಯ ಅನುಮತಿಯಲ್ಲಿ, ಚಿತ್ರದಲ್ಲಲ್ಲ. ಅಲ್ಲಿ ಕೊರತೆಯಾದುದು ಸಾಕ್ಷ್ಯವಲ್ಲ, ತೀರ್ಪುಗಾರನಲ್ಲಿ ಇರಬೇಕಾದ ವಿಶ್ವಾಸ. ಅದು ಒಮ್ಮೆ ಹೋದರೆ ಎಷ್ಟು ಕ್ಯಾಮೆರಾಗಳಿದ್ದರೂ ಆಟ ನಡೆಯುವುದಿಲ್ಲವೆಂಬುದನ್ನು, ಒಂದೇ ತಂಡ ಉಳಿದಿದ್ದ ಆ ಬಯಲು ತೋರಿಸಿತು.

೮

ಇಷ್ಟರಿಂದ ವೀಡಿಯೋ ಪರಿಶೀಲನೆ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. ೧೯೬೬ರ, ೨೦೧೦ರ ಗೋಲುಗಳಂಥ ವಿವಾದಗಳು ಈ ಯಂತ್ರಗಳಿರುವಲ್ಲಿ ಬಹುಮಟ್ಟಿಗೆ ಮುಗಿದ ಅಧ್ಯಾಯ. ಆನ್ರಿಯ ಕೈಯಂಥದು ಇಂದು ರೆಫರಿಯ ಕಣ್ಣು ತಪ್ಪಿದರೂ ಕೊಠಡಿಯ ಕಣ್ಣು ತಪ್ಪುವುದು ವಿರಳ. ೨೦೨೪ರ ಜೂನಿನಲ್ಲಿ ವುಲ್ವರ್‌ಹ್ಯಾಂಪ್ಟನ್ ತಂಡವು ಪ್ರೀಮಿಯರ್ ಲೀಗಿನಲ್ಲಿ ಈ ಪದ್ಧತಿಯನ್ನು ರದ್ದುಗೊಳಿಸಬೇಕೆಂದು ಮಂಡಿಸಿದ ನಿರ್ಣಯಕ್ಕೆ ೨೦ ತಂಡಗಳಲ್ಲಿ ಅದೊಂದರ ಮತ ಮಾತ್ರ ಬಂದಿತು. ಉಳಿದ ೧೯ ತಂಡಗಳು ವಿರೋಧಿಸಿದುವು. ಅದೇ ವರ್ಷ ಸ್ವೀಡನ್ನಿನಲ್ಲಿ, ಸದಸ್ಯರಾದ ಅಭಿಮಾನಿಗಳಿಗೆ ಕ್ಲಬ್ಬುಗಳಲ್ಲಿ ಬಹುಮತದ ಅಧಿಕಾರವಿರುವುದರಿಂದ, ಅವರ ವಿರೋಧಕ್ಕೆ ಮಣಿದು ಈ ಪದ್ಧತಿಯನ್ನು ತರದಿರಲು ನಿರ್ಧರಿಸಿದರು. ಹಣ ಹೂಡ��ದವರಿಗೆ ನಿಖರತೆ ಮುಖ್ಯ. ಬಯಲಿನ ಸುತ್ತ ನಿಂತವರಿಗೆ ಗೋಲಾದೊಡನೆ ನಿಸ್ಸಂಶಯವಾಗಿ ಹರ್ಷಿಸುವ ಹಕ್ಕು ಮುಖ್ಯ. ಎರಡೂ ನ್ಯಾಯವಾದ ಅಪೇಕ್ಷೆಗಳೇ. ಒಂದನ್ನು ಪಡೆಯಲು ಇನ್ನೊಂದರಲ್ಲಿ ಸ್ವಲ್ಪವನ್ನು ತೆರಬೇಕಾಗುತ್ತದೆ.

ಈ ಚರಿತ್ರೆಯಲ್ಲಿ ಒಂದು ಕ್ರಮ ಕಾಣುತ್ತದೆ. ಮೊದಲು ಆಟಗಾರನ ಮಾನವನ್ನೂ, ಅನಂತರ ರೆಫರಿಯ ಅಧಿಕಾರವನ್ನೂ, ಕಡೆಗೆ ಯಂತ್ರದ ಸಾಕ್ಷ್ಯವನ್ನೂ ನಂಬಿದರು. ಪ್ರತಿಯೊಂದು ಹಂತದಲ್ಲಿಯೂ ನಂಬಿಕೆಯ ಆಧಾರ ಬದಲಾಯಿತು. ನಂಬಿಕೆಯ ಅವಶ್ಯಕತೆ ಬದಲಾಗಲಿಲ್ಲ. ೨೦೨೩ರ ಮಹಿಳಾ ವಿಶ್ವಕಪ್ಪಿನಲ್ಲಿ ರೆಫರಿಗಳು ಪರಿಶೀಲನೆಯ ನಂತರದ ನಿರ್ಣಯವನ್ನು ಧ್ವನಿವರ್ಧಕದ ಮೂಲಕ ಕ್ರೀಡಾಂಗಣಕ್ಕೆ ತಿಳಿಸಿದರು. ಯಂತ್ರಗಳ ಸುದ್ದಿಯ ನಡುವೆ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಮುಂದಿನ ಸುಧಾರಣೆಯ ದಾರಿ ಇದೇ ಎಂದು ನಮ್ಮ ಅಭಿಪ್ರಾಯ. ತೀರ್ಪು ಸರಿಯಾಗಿದ್ದರೆ ಸಾಲದು. ಅದು ಹೇಗೆ ಬಂದಿತೆಂಬುದು ಸೋತವನಿಗೂ ತಿಳಿಯಬೇಕು. ಕಾರಣವನ್ನು ಬಹಿರಂಗವಾಗಿ ಹೇಳುವ ನ್ಯಾಯಾಧೀಶನು ತಪ್ಪಿದರೂ ಜನ ಅವನನ್ನು ಸಹಿಸಿಯಾರು. ಮುಚ್ಚಿದ ಕೊಠಡಿಯಿಂದ ಬಂದ ತೀರ್ಪು ಸರಿಯಾಗಿದ್ದರೂ ಸಂದೇಹಕ್ಕೆ ಎಡೆಗೊಡುತ್ತದೆ.